ಹಾಸಿಗೆಯಲ್ಲೂ ನಿಲ್ಲದ ಅಭ್ಯಾಸ: ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ, ನಾನು ಕಂಪ್ಯೂಟರಿನ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿದ್ದರೋ ಏನೋ. ಅದನ್ನು ಬರೆಯಲು ನನಗಿಂತ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಾನು ಆರಿಸಿಕೊಂಡದ್ದು ಒಬ್ಬ ಯೋಗಾಚಾರ್ಯರ ಜೀವನವನ್ನು. ಕಾರಣ ಇಷ್ಟೆ. ನಮ್ಮ ಮರಳವಾಡಿ ಶಾಲೆಯ ಮೈದಾನದಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್ ಆಡಿ ಹೊರಗೆ ಬಂದವರಲ್ಲಿ ಎಷ್ಟೋ ಜನ ಮಂಡಿಗೋ ಹೆಗಲಿಗೋ ಒಂದು ಪೆಟ್ಟು ಬಿದ್ದ ಮೇಲೆ ಆಟ ಬಿಟ್ಟವರು. ಆಟದ ಜೊತೆಗೆ ಓಡುವುದು, ನಡೆಯುವುದು, ಮೈ ಬಗ್ಗಿಸುವುದು ಎಲ್ಲವನ್ನೂ ಬಿಟ್ಟವರು. ಪೆಟ್ಟು ಆರು ತಿಂಗಳಲ್ಲಿ ವಾಸಿಯಾಗಿರುತ್ತದೆ, ಆದರೆ ಮನುಷ್ಯ ಮಾತ್ರ ಮತ್ತೆ ಎದ್ದು ಮೈದಾನಕ್ಕೆ ಬರುವುದಿಲ್ಲ. ಅಂಥ ಗೆಳೆಯರಿಗೆ ಕೃಷ್ಣಮಾಚಾರ್ಯರ ಕಥೆ ಗೊತ್ತಿರಬೇಕು ಅನಿಸಿತು.

ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರು ಚಾಪೆ ಹಾಸಿ ಯೋಗಾಸನ ಮಾಡಿದರೂ ಅದರ ಎಳೆ ಹಿಡಿದು ಹೋದರೆ ಹೆಚ್ಚಿನ ಸಲ ಮೈಸೂರಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಈ ಒಬ್ಬ ವ್ಯಕ್ತಿಗೆ. ಅವರು ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರ ಎಂಬ ಹಳ್ಳಿಯಲ್ಲಿ, 1888ರ ನವೆಂಬರ್ 18ರಂದು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ಪಾಠ ಹೇಳುತ್ತಿದ್ದವರು, ತಾಯಿ ರಂಗನಾಯಕಮ್ಮ. ಮನೆಗೆ ಹಿರಿಯ ಮಗ. ಮೊದಲ ಪಾಠ ತಂದೆಯಿಂದಲೇ ಆಯಿತು. ಹುಡುಗನಿಗೆ ಹತ್ತು ವರ್ಷ ಆಗುವಷ್ಟರಲ್ಲಿ ತಂದೆ ತೀರಿಕೊಂಡರು. ಸಂಸಾರ ಮೈಸೂರಿಗೆ ಬಂತು. ಅಲ್ಲಿ ಪರಕಾಲ ಮಠದ ಪೀಠದಲ್ಲಿದ್ದವರು ಈ ಹುಡುಗನ ಮುತ್ತಾತ. ಹೀಗಾಗಿ ಮಠದ ಆಶ್ರಯದಲ್ಲಿ ಸಂಸ್ಕೃತ, ವ್ಯಾಕರಣ, ತರ್ಕ, ವೇದಾಂತ ಎಲ್ಲ ಓದಿದ್ದಾಯಿತು. ಮುಂದೆ ಕಾಶಿಗೂ ಹೋಗಿ ಓದಿ ಬಂದರು. ಓದಿನಲ್ಲಿ ಇಷ್ಟು ಗಟ್ಟಿಯಾಗಿದ್ದ ಮನುಷ್ಯ ಯಾವುದಾದರೂ ಕಾಲೇಜಿನಲ್ಲಿ ಪಂಡಿತರಾಗಿ ಸುಖವಾಗಿ ಇರಬಹುದಿತ್ತು. ಅವರಿಗೆ ಹಿಡಿದದ್ದು ಯೋಗದ ಹುಚ್ಚು.

ಆ ಹುಚ್ಚು ಹಿಡಿದು ಹಿಮಾಲಯ ದಾಟಿ ಮಾನಸ ಸರೋವರದ ಕಡೆ ಹೋದರು, ಅಲ್ಲಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳ ಬಳಿ ಏಳೂವರೆ ವರ್ಷ ಇದ್ದರು ಎಂದು ಅವರ ಪರಂಪರೆಯವರು ಹೇಳುತ್ತಾರೆ. ಗುರುದಕ್ಷಿಣೆಯಾಗಿ ಆ ಗುರುಗಳು ಕೇಳಿದ್ದು ವಿಚಿತ್ರ: ಊರಿಗೆ ಹಿಂದಿರುಗಬೇಕು, ಮದುವೆಯಾಗಬೇಕು, ಸಂಸಾರಿಯಾಗಿದ್ದುಕೊಂಡೇ ಯೋಗ ಕಲಿಸಬೇಕು. ಶಿಷ್ಯ ಒಪ್ಪಿಕೊಂಡರು. ಒಪ್ಪಿದ್ದರ ಫಲ ಬಡತನ. 1920ರ ದಶಕದಲ್ಲಿ ಯೋಗ ಹೇಳಿಕೊಟ್ಟರೆ ಯಾರು ದುಡ್ಡು ಕೊಡುತ್ತಿದ್ದರು? 1925ರ ಹೊತ್ತಿಗೆ ನಾಮಗಿರಿಯಮ್ಮನವರನ್ನು ಮದುವೆಯಾದರು. ಹೊಟ್ಟೆಪಾಡಿಗಾಗಿ ಹಾಸನದ ಕಡೆ ಒಂದು ಕಾಫಿ ತೋಟದಲ್ಲಿ ಆಳುಗಳ ಉಸ್ತುವಾರಿ ನೋಡಿಕೊಳ್ಳುವ ಕೆಲಸ ಹಿಡಿದರು. ಉಡಲು ಸರಿಯಾದ ಬಟ್ಟೆಯಿಲ್ಲದೆ ಹೆಂಡತಿಯ ಸೀರೆಯ ತುಂಡನ್ನೇ ಲಂಗೋಟಿ ಮಾಡಿಕೊಂಡಿದ್ದರಂತೆ. ಮಠದ ಪೀಠಕ್ಕೆ ಬರಬೇಕೆಂಬ ಕರೆ ಬಂದರೂ ಒಪ್ಪಲಿಲ್ಲ. ರಜೆ ಸಿಕ್ಕಾಗ ಊರೂರು ತಿರುಗಿ ಭಾಷಣ ಮಾಡಿ, ಆಸನಗಳನ್ನು ಮಾಡಿ ತೋರಿಸುತ್ತಿದ್ದರು. 1927ರಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ನಡೆದ ಅಂಥ ಒಂದು ಪ್ರದರ್ಶನವನ್ನು ಕೌಶಿಕ ಎಂಬ ಹಳ್ಳಿಯಿಂದ ಬಂದಿದ್ದ ಹನ್ನೆರಡು ವರ್ಷದ ಹುಡುಗನೊಬ್ಬ ಬಾಯಿ ಬಿಟ್ಟುಕೊಂಡು ನೋಡಿದ. ಆ ಹುಡುಗನೇ ಮುಂದೆ ಅಷ್ಟಾಂಗ ಯೋಗದಿಂದ ಪ್ರಪಂಚಕ್ಕೆಲ್ಲ ಹೆಸರಾದ ಪಟ್ಟಾಭಿ ಜೋಯಿಸರು.

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಣ್ಣಿಗೆ ಬಿದ್ದ ಮೇಲೆ ಕಷ್ಟ ಸ್ವಲ್ಪ ತಗ್ಗಿತು. ಮೊದಲು ಸಂಸ್ಕೃತ ಕಾಲೇಜಿನಲ್ಲಿ ಪಾಠ, 1933ರಲ್ಲಿ ಜಗನ್ಮೋಹನ ಅರಮನೆಯಲ್ಲೇ ಒಂದು ಯೋಗಶಾಲೆ. ಅರಸು ಮನೆತನದ ಹುಡುಗರು ಅಲ್ಲಿಗೆ ಕಲಿಯಲು ಬರುತ್ತಿದ್ದರು. ನಮ್ಮ ಶಾಲೆಯ ಡ್ರಿಲ್ ಪೀರಿಯಡ್ ನೆನಪಿರುವವರಿಗೆ ಆ ತರಗತಿಯ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ. ಹಾರಿ ನಿಲ್ಲುವುದು, ಹಾರಿ ಕೂರುವುದು, ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹೋಗುವುದು. ಎಳೆಯ ಹುಡುಗರು, ಎಲುಬಿನಲ್ಲಿ ಬೆಣ್ಣೆ. ಮೇಷ್ಟ್ರು ಮಹಾ ಕೋಪಿಷ್ಠರು. ಅವರು ರಸ್ತೆಯಲ್ಲಿ ಬರುತ್ತಿದ್ದರೆ ಶಿಷ್ಯರು ಇನ್ನೊಂದು ಬದಿಗೆ ಸರಿದು ಹೋಗುತ್ತಿದ್ದರಂತೆ. 1934ರಲ್ಲಿ ಅವರು ಬರೆದ ಯೋಗ ಮಕರಂದ, 1941ರಲ್ಲಿ ಬಂದ ಯೋಗಾಸನಗಳು, ಈ ಎರಡು ಪುಸ್ತಕಗಳೂ ಕನ್ನಡದಲ್ಲೇ ಇವೆ ಎನ್ನುವುದನ್ನು ನಾವು ಮರೆಯಬಾರದು. ಹೊರದೇಶದವರು ಇವತ್ತು ಇಂಗ್ಲಿಷ್ ಅನುವಾದ ಹಿಡಿದು ಅವುಗಳ ಮೇಲೆ ಪ್ರಬಂಧ ಬರೆಯುತ್ತಾರೆ. ನಾವು ಮೂಲವನ್ನೇ ಓದಬಹುದು. ಓದಿದವರು ಕಡಿಮೆ ಎನ್ನುವುದು ಬೇರೆ ಮಾತು.

ಈಗ ನಾನು ಹೇಳಲು ಹೊರಟ ವಿಷಯಕ್ಕೆ ಬರುತ್ತೇನೆ. 1934ರಲ್ಲಿ ಕೃಷ್ಣಮಾಚಾರ್ಯರ ಮನೆಗೆ ಅವರ ಹೆಂಡತಿಯ ತಮ್ಮ ಬಂದ. ಕೋಲಾರ ಜಿಲ್ಲೆಯ ಬೆಳ್ಳೂರಿನವನು, ಹದಿನೈದು ದಾಟಿದ ಹುಡುಗ, ಹೆಸರು ಸುಂದರರಾಜ. ಹುಟ್ಟಿದ್ದೇ ಇನ್‌ಫ್ಲುಯೆಂಜಾ ಮಾರಿ ಊರೂರಲ್ಲಿ ಹೆಣ ಕೆಡವುತ್ತಿದ್ದ 1918ರಲ್ಲಿ. ಆಮೇಲೆ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೆ ಒಂದು. ಕೈಕಾಲು ಕಡ್ಡಿ, ತಲೆ ಮಾತ್ರ ದೊಡ್ಡದು. ಬಗ್ಗಿದರೆ ಕೈ ಮಂಡಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಮೆಟ್ರಿಕ್ಯುಲೇಷನ್‌ನಲ್ಲಿ ಇಂಗ್ಲಿಷಿಗೆ ಮೂರು ಅಂಕ ಕಡಿಮೆಯಾಗಿ ಫೇಲಾದ. (ನಮ್ಮ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೂತವರು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಬಹುದು. ಈತ ಮುಂದೆ ಇಂಗ್ಲಿಷಿನಲ್ಲಿ ಬರೆದ ಯೋಗದ ಪುಸ್ತಕ 1966ರಲ್ಲಿ ಪ್ರಕಟವಾಗಿ ಹತ್ತಾರು ಭಾಷೆಗಳಿಗೆ ಹೋಯಿತು.) ಇಂಥ ಹುಡುಗನಿಂದ ಏನೂ ಆಗದು ಎಂದು ಭಾವ ಅವನನ್ನು ಮೊದಮೊದಲು ಮನೆಗೆಲಸಕ್ಕೆ ಬಿಟ್ಟಿದ್ದರು. ಆದರೆ ಯೋಗಶಾಲೆಯ ಮುಖ್ಯ ಶಿಷ್ಯನಾಗಿದ್ದ ಹುಡುಗ ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟು ಹೋದ. ಹೊರಗಿನ ಅತಿಥಿಗಳ ಮುಂದೆ ಪ್ರದರ್ಶನ ಕೊಡುವುದು ಗೊತ್ತಾಗಿತ್ತು. ಕೈಗೆ ಸಿಕ್ಕಿದವನು ಈ ಬಾಮೈದ. ಕೆಲವೇ ದಿನಗಳಲ್ಲಿ ಕಷ್ಟದ ಆಸನಗಳನ್ನೆಲ್ಲ ಅವನಿಗೆ ತಿದ್ದಿ ತೀಡಿ ಕಲಿಸಿದರು. ಹುಡುಗ ಹೇಗೋ ಗೆದ್ದ. ಮೈಯೆಲ್ಲ ಹಣ್ಣಾಯಿತು.

ಇನ್ನೊಂದು ಪ್ರದರ್ಶನದಲ್ಲಿ ಗುರುಗಳು ಹನುಮಾನಾಸನ ಮಾಡು ಎಂದು ಅಪ್ಪಣೆ ಕೊಟ್ಟರು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ, ತೊಡೆಗಳೆರಡೂ ನೆಲಕ್ಕೆ ತಾಗುವಂತೆ ಕೂರುವ ಆಸನ ಅದು. ಹುಡುಗ ಅದನ್ನು ಕಲಿತೇ ಇರಲಿಲ್ಲ. ತಪ್ಪಿಸಿಕೊಳ್ಳಲು ಚಡ್ಡಿ ಬಿಗಿಯಾಗಿದೆ, ಕಾಲು ಅಗಲ ಮಾಡಲು ಆಗುವುದಿಲ್ಲ ಎಂದ. ಗುರುಗಳು ಕತ್ತರಿ ತರಿಸಿ ಚಡ್ಡಿಯ ಎರಡೂ ಬದಿ ಕತ್ತರಿಸಿಬಿಟ್ಟರು. ಹುಡುಗ ಎದುರಾಡದೆ ಆಸನ ಮಾಡಿದ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಆಟಗಾರರು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರಲ್ಲ, ಅದು. ಆಮೇಲೆ ಬಹಳ ಕಾಲ ಅವನಿಗೆ ನೆಟ್ಟಗೆ ನಡೆಯುವುದೇ ಕಷ್ಟವಾಗಿತ್ತು. ಈ ಸುಂದರರಾಜನೇ ಬಿ.ಕೆ.ಎಸ್. ಅಯ್ಯಂಗಾರ್. ಈ ಘಟನೆಯನ್ನು ಅವರೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ.

ಕೃಷ್ಣಮಾಚಾರ್ಯರ ಬಗ್ಗೆ ಬರೆಯುವವರು ಈ ಪ್ರಸಂಗವನ್ನು ಗುರುಭಕ್ತಿಯ ಉದಾಹರಣೆ ಎಂಬಂತೆ ದಾಟಿಸಿಬಿಡುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಮೈ ಕಾಯಿಸದೆ, ಹಂತಹಂತವಾಗಿ ಸಿದ್ಧಮಾಡದೆ, ಜನರ ಮುಂದೆ ಮಾನ ಉಳಿಸಿಕೊಳ್ಳಲು ಮಾಡಿಸಿದ ಕೆಲಸ ಅದು. ನಮ್ಮ ಕಡೆ ಊರಹಬ್ಬದ ಪಂದ್ಯಗಳಲ್ಲೂ ಇದೇ ನಡೆಯುತ್ತದೆ. ವರ್ಷವೆಲ್ಲ ಆಡದವನನ್ನು ಆ ದಿನ ಹೆಗಲು ತಟ್ಟಿ ಒಳಗೆ ಇಳಿಸುತ್ತಾರೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಒಬ್ಬ ಹುಡುಗ ಕಡಿಮೆಯಾದರೆ ಉಳುಕಿದ ಕಾಲಿಗೆ ಸ್ಪ್ರೇ ಹೊಡೆದು ಆಡಿಸುತ್ತಾರೆ. ಕೃಷ್ಣಮಾಚಾರ್ಯರಂಥ ಕೃಷ್ಣಮಾಚಾರ್ಯರೇ ಹೀಗೆ ಮಾಡಿದ್ದರು. ಅವರ ಬದುಕಿನ ಉಳಿದ ಅರ್ಧ ನನಗೆ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೇ. ಅಷ್ಟು ಬಿರುಸಾಗಿದ್ದ ಮೇಷ್ಟ್ರು ಹೇಗೆ ಬದಲಾದರು ಎನ್ನುವುದು ಅಲ್ಲಿದೆ.

ಅದಕ್ಕೆ ಮೊದಲು ಅಯ್ಯಂಗಾರ್ ಅವರ ಕಾಲು ಏನಾಯಿತೆಂದು ಹೇಳಿಬಿಡುತ್ತೇನೆ. 1937ರಲ್ಲಿ ಅವರು ಪುಣೆಗೆ ಹೋದರು. ತಾವು ಪೆಟ್ಟು ತಿಂದವರಾದ್ದರಿಂದ ಯಾವ ಆಸನದಲ್ಲಿ ಯಾವ ಸ್ನಾಯು ಎಲ್ಲಿ ಎಳೆಯುತ್ತದೆ ಎಂದು ಗಂಟೆಗಟ್ಟಲೆ ತಮ್ಮ ಮೈಮೇಲೆಯೇ ಪರೀಕ್ಷೆ ಮಾಡಿಕೊಂಡರು. ಮರದ ಇಟ್ಟಿಗೆ, ಪಟ್ಟಿ, ಗೋಡೆಗೆ ಕಟ್ಟಿದ ಹಗ್ಗ, ಕುರ್ಚಿ, ಮಡಚಿದ ಕಂಬಳಿ, ಹೀಗೆ ಸಿಕ್ಕಿದ್ದನ್ನೆಲ್ಲ ಊರುಗೋಲಾಗಿ ಬಳಸಿ ಬಗ್ಗಲಾಗದವರೂ ಬಗ್ಗುವಂತೆ ಮಾಡಿದರು. 1979ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತವಾಗಿ ಬೆನ್ನು, ಹೆಗಲು, ಮಂಡಿಗೆ ಪೆಟ್ಟಾಯಿತು. ಮೂರು ತಿಂಗಳಲ್ಲಿ ಇನ್ನೊಂದು ಅಪಘಾತ, ಈ ಸಲ ಇನ್ನೊಂದು ಬದಿಯ ಹೆಗಲು ಮತ್ತು ಮಂಡಿ. ಮುಂದಕ್ಕೆ ಬಗ್ಗುವುದನ್ನು ಮೊದಲ ಪಾಠದ ಹುಡುಗನಂತೆ ಮತ್ತೆ ಕಲಿಯಬೇಕಾಯಿತು. ಹಿಂದಿನ ಮಟ್ಟಕ್ಕೆ ಹತ್ತಿರ ಬರಲು ಸುಮಾರು ಹತ್ತು ವರ್ಷ ಹಿಡಿಯಿತು. ಮುಂದೆ ಗಾಯಗೊಂಡ ಕ್ರಿಕೆಟ್ ಆಟಗಾರರು ಅವರ ಬಾಗಿಲಿಗೆ ಹೋಗುತ್ತಿದ್ದರು. ಸಚಿನ್ ತೆಂಡೂಲ್ಕರ್, ಜಹೀರ್ ಖಾನ್ ಇಬ್ಬರೂ ಹೋಗಿದ್ದವರೇ. ಅಯ್ಯಂಗಾರ್ 2014ರಲ್ಲಿ ತೊಂಬತ್ತೈದನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಥೆಯನ್ನೇ ಬೇರೆ ಲೇಖನವಾಗಿ ಬರೆಯಬಹುದು. ಇಲ್ಲಿ ಅವರ ಗುರುಗಳ ಕಡೆಗೆ ತಿರುಗೋಣ.

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ಅರಮನೆಯ ಯೋಗಶಾಲೆಗೆ ಹಿಂದಿನ ಕಳೆ ಉಳಿಯಲಿಲ್ಲ. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, 1950ರಲ್ಲಿ ಶಾಲೆಯೂ ಮುಚ್ಚಿತು. ಆಗ ಕೃಷ್ಣಮಾಚಾರ್ಯರಿಗೆ ಅರವತ್ತು ದಾಟಿತ್ತು. ಮನೆ ತುಂಬ ಮಕ್ಕಳು, ಕೈಯಲ್ಲಿ ಕೆಲಸವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಳೆಯ ವೈಭವ ನೆನೆಯುತ್ತಾ ಜಗುಲಿಯ ಮೇಲೆ ಕೂರುತ್ತಿದ್ದರು. 1952ರಲ್ಲಿ ಮದ್ರಾಸಿನಿಂದ ಒಂದು ಕರೆ ಬಂತು. ಅಲ್ಲಿನ ಹೆಸರಾಂತ ಕಾನೂನು ಪಂಡಿತರೊಬ್ಬರಿಗೆ ಪಾರ್ಶ್ವವಾಯು ಹೊಡೆದಿತ್ತು, ಅವರಿಗೆ ಯೋಗದಿಂದ ಏನಾದರೂ ಸಹಾಯವಾಗುತ್ತದೆಯೇ ನೋಡಬೇಕಿತ್ತು. ಇವರು ಹೋದರು. ಹೋದವರು ಮದ್ರಾಸಿನಲ್ಲೇ ನೆಲೆ ನಿಂತರು.

ಒಂದು ಕ್ಷಣ ಯೋಚಿಸಿ ನೋಡಿ. ಮೈಸೂರಿನಲ್ಲಿ ಅವರ ಮುಂದೆ ಇದ್ದವರು ಚೆಂಡಿನಂತೆ ಪುಟಿಯುವ ಅರಸು ಹುಡುಗರು. ಮದ್ರಾಸಿನಲ್ಲಿ ಮುಂದೆ ಬಂದವರು ಲಕ್ವ ಹೊಡೆದವರು, ಉಬ್ಬಸದವರು, ಸಕ್ಕರೆ ಕಾಯಿಲೆಯವರು, ಬೆನ್ನು ಹಿಡಿದವರು, ನಿದ್ದೆ ಬಾರದವರು. ಹಾರು ಎಂದರೆ ಯಾರು ಹಾರುತ್ತಾರೆ? ಅವರು ಪಾಠವನ್ನೇ ಬೇರೆ ಮಾಡಿಕೊಂಡರು. ಗುಂಪಿಗೆ ಕಲಿಸುವ ಬದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸತೊಡಗಿದರು. ನಾಡಿ ಹಿಡಿದು ನೋಡುವುದು, ಊಟ ಏನು, ಕೆಲಸ ಏನು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವುದು, ಆಮೇಲೆ ಆ ಮನುಷ್ಯನಿಗೆ ಆ ದಿನ ಸಾಧ್ಯವಿರುವಷ್ಟನ್ನು ಮಾತ್ರ ಕೊಡುವುದು. ಕಾಲು ನೆಟ್ಟಗೆ ಚಾಚಲಾಗದಿದ್ದರೆ ಮಂಡಿ ಮಡಚಿಯೇ ಬಗ್ಗಲಿ. ನಿಲ್ಲಲಾಗದಿದ್ದರೆ ಮಲಗಿ ಮಾಡಲಿ. ಏನೂ ಆಗದಿದ್ದರೆ ಉಸಿರು ಒಳಗೆ ಎಳೆಯುತ್ತಾ ಒಂದು ಕೈ ಮೇಲೆತ್ತಲಿ, ಬಿಡುತ್ತಾ ಇಳಿಸಲಿ. ಆಸನಕ್ಕೆ ಮನುಷ್ಯನನ್ನು ಬಗ್ಗಿಸುತ್ತಿದ್ದವರು ಮನುಷ್ಯನಿಗೆ ತಕ್ಕಂತೆ ಆಸನವನ್ನು ಬಗ್ಗಿಸಿದರು.

ಈ ಬದಲಾವಣೆಯನ್ನು ಹತ್ತಿರದಿಂದ ಕಂಡವರು ಅವರ ಮಗ ದೇಶಿಕಾಚಾರ್. ಅವರೂ ನನ್ನ ಹಾಗೆ ಬಿ.ಇ. ಓದಿದವರು ಎಂಬ ಒಂದು ಸಣ್ಣ ಅಭಿಮಾನ ನನಗೆ. ಮೈಸೂರು ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದು ಕೆಲಸಕ್ಕೆ ಹೊರಟಿದ್ದ ತರುಣನಿಗೆ ಅಪ್ಪನ ಯೋಗದಲ್ಲಿ ಹೇಳಿಕೊಳ್ಳುವಂಥ ಆಸಕ್ತಿ ಇರಲಿಲ್ಲ. 1960ರ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಮನೆಯ ಮುಂದೆ ಕಾರು ನಿಂತಿತು. ಇಳಿದು ಬಂದ ನ್ಯೂಜಿಲೆಂಡಿನ ಮಹಿಳೆಯೊಬ್ಬರು ಮಡಿವಂತ ಬ್ರಾಹ್ಮಣರಾದ ಅವರ ತಂದೆಯನ್ನು ನಡುಬೀದಿಯಲ್ಲಿ ಎಲ್ಲರೆದುರು ತಬ್ಬಿಕೊಂಡರು. ಮಗ ಕಕ್ಕಾಬಿಕ್ಕಿ. ವಿಚಾರಿಸಿದರೆ, ಎಷ್ಟೋ ವರ್ಷಗಳಿಂದ ನಿದ್ರೆಮಾತ್ರೆಯಿಲ್ಲದೆ ಮಲಗಿರದ ಆಕೆ ಹಿಂದಿನ ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಮಾಡಿದ್ದರು. ಎಂಜಿನಿಯರ್ ಮಗ ಕೆಲಸಕ್ಕೆ ಹೋಗಲಿಲ್ಲ, ಶಿಷ್ಯನಾದ. ನಿಜವಾಗಿ ಮನಸ್ಸಿದೆಯೋ ಇಲ್ಲವೋ ನೋಡಲು ಅಪ್ಪ ಬೆಳಗಿನ ಜಾವ ಮೂರು ಗಂಟೆಗೆ ಪಾಠಕ್ಕೆ ಬರಹೇಳುತ್ತಿದ್ದರಂತೆ. 1976ರಲ್ಲಿ ದೇಶಿಕಾಚಾರ್ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಸ್ಥಾಪಿಸಿದರು. ಅದು ಇಂದಿಗೂ ನಡೆಯುತ್ತಿದೆ. ಅವರ ಹುಟ್ಟಿದ ದಿನ ಜೂನ್ 21, ಈಗ ನಾವು ಶಾಲೆಗಳಲ್ಲಿ ಯೋಗ ದಿನ ಆಚರಿಸುವ ತಾರೀಖು. ಅದು ಕಾಕತಾಳೀಯ.

ಮಗ ಮತ್ತು ಆ ಕಾಲದ ಶಿಷ್ಯರು ದಾಖಲಿಸಿರುವ ಒಂದು ವಿಂಗಡಣೆ ನನಗೆ ಬಹಳ ಉಪಯೋಗಕ್ಕೆ ಬಂತು. ಅಭ್ಯಾಸದಲ್ಲಿ ಶಿಕ್ಷಣಕ್ರಮ, ರಕ್ಷಣಕ್ರಮ, ಚಿಕಿತ್ಸಾಕ್ರಮ ಎಂದು ಬೇರೆ ಬೇರೆ ದಾರಿಗಳಿವೆ. ಆರೋಗ್ಯವಂತ ಹರೆಯದವರು ಒಂದಿಷ್ಟೂ ರಿಯಾಯಿತಿ ಇಲ್ಲದೆ ಪೂರ್ತಿ ಕಲಿಯುವುದು ಮೊದಲನೆಯದು. ಇರುವ ಆರೋಗ್ಯ ಕೆಡದಂತೆ ನೋಡಿಕೊಳ್ಳುವುದು ಎರಡನೆಯದು. ಕೆಟ್ಟದ್ದನ್ನು ರಿಪೇರಿ ಮಾಡಿಕೊಳ್ಳುವುದು ಮೂರನೆಯದು. ಒಂದೇ ಮನುಷ್ಯ ಬದುಕಿನಲ್ಲಿ ಈ ಮೂರರಲ್ಲೂ ಇರಬೇಕಾಗಿ ಬರುತ್ತದೆ, ಕೆಲವು ಸಲ ಒಂದೇ ವರ್ಷದಲ್ಲಿ. ಪೆಟ್ಟಾದ ಆಟಗಾರನ ಮನಸ್ಸು ಮಾತ್ರ ಮೊದಲನೆಯದರಲ್ಲೇ ನಿಂತಿರುತ್ತದೆ. ಮೊನ್ನೆ ಇಷ್ಟು ಓಡುತ್ತಿದ್ದೆ, ಇವತ್ತು ಕಾಲು ಎತ್ತಲೂ ಆಗುತ್ತಿಲ್ಲವಲ್ಲ ಎಂಬ ಲೆಕ್ಕದಲ್ಲೇ ಅವನ ಹುಮ್ಮಸ್ಸು ಇಳಿದುಹೋಗುತ್ತದೆ.

ನನ್ನ ಎಡಮಂಡಿಯ ಲಿಗಮೆಂಟ್ ಹರಿದದ್ದು 31ನೇ ವಯಸ್ಸಿನಲ್ಲಿ, ಕಬಡ್ಡಿ ಆಡುವಾಗ. ಆಪರೇಷನ್ ಆದ ಮೇಲೆ ಕೆಲವು ವಾರ ಊರಿನ ಮನೆಯಲ್ಲಿದ್ದೆ. ಎರಡೇ ವಾರಕ್ಕೆ ಎಡತೊಡೆ ಬಲತೊಡೆಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣಗಾಗಿತ್ತು. ಮಂಡಿಗೆ ಪೆಟ್ಟಾದವರೆಲ್ಲ ಇದನ್ನು ನೋಡಿ ಹೆದರಿರುತ್ತಾರೆ. ಫಿಸಿಯೋಥೆರಪಿಯವರು ಕೊಟ್ಟ ಅಭ್ಯಾಸ ನೋಡಿದರೆ ನಗು ಬರುವಂತಿತ್ತು: ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತುವುದು, ಐದು ಎಣಿಸಿ ಬಿಡುವುದು. ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಹಿಮ್ಮಡಿಯನ್ನು ಮೆಲ್ಲಗೆ ಜಾರಿಸಿ ಮಂಡಿ ಮಡಚುವುದು. ರೈಡ್ ಹೋಗಿ ನಾಲ್ಕು ಜನರನ್ನು ಎಳೆದುಕೊಂಡು ಬರುತ್ತಿದ್ದವನಿಗೆ ಇದೊಂದು ವ್ಯಾಯಾಮವೇ?

ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳು ಮೂರನೇ ಜ್ವರದಲ್ಲಿತ್ತು. ನಮ್ಮ ಹೋಬಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಪಟ್ಟಣದಲ್ಲಿ ಬೆಳೆದ ಓದುಗರಿಗಾಗಿ ಹೇಳುತ್ತೇನೆ: ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಅದು ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಕಾಯಿಲೆಯೋ ಎಂದು ಹೊಸಬರು ಗಾಬರಿಯಾಗುತ್ತಾರೆ. ಒಳಗೆ ಹೊಸ ಚರ್ಮ ಬೆಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಹಾಗಂತ ಹುಳುಮನೆಯ ಬಾಗಿಲು ಮುಚ್ಚಿಕೊಂಡು ಹೋಗುವಂತೆಯೂ ಇಲ್ಲ. ಗಾಳಿ, ಬಿಸಿ, ತೇವ ನೋಡಿಕೊಳ್ಳುವ ಕೆಲಸ ನಡೆಯುತ್ತಲೇ ಇರಬೇಕು. ಹುಳುವಿನ ಜೊತೆ ಒಂದೇ ಸೂರಿನ ಕೆಳಗೆ ಮಲಗಿದ್ದ ನನಗೆ ಚಿಕಿತ್ಸಾಕ್ರಮ ಎಂದರೆ ಏನೆಂದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು. ಮಂಡಿಯ ಕೆಲಸ ಎಂಟೊಂಬತ್ತು ತಿಂಗಳದ್ದು. ಅದಕ್ಕೆ ಮೊದಲೇ ಆಟಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಆದರೆ ಇನ್ನೊಂದು ಕಾಲು, ಎರಡು ಕೈ, ಹೊಟ್ಟೆ, ಬೆನ್ನು, ಉಸಿರು ಇವಕ್ಕೆ ಯಾವ ರಜೆಯೂ ಇಲ್ಲ. ಕುರ್ಚಿಯಲ್ಲಿ ಕೂತು ಮಾಡುವ ಅಭ್ಯಾಸವೇ ಅರ್ಧ ಗಂಟೆಯಲ್ಲಿ ಬೆವರು ಇಳಿಸಬಲ್ಲದು.

ಕೃಷ್ಣಮಾಚಾರ್ಯರ ಸರದಿ ಬಂದದ್ದು 96ನೇ ವಯಸ್ಸಿನಲ್ಲಿ. ಸೊಂಟದ ಮೂಳೆ ಮುರಿಯಿತು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಏನೆಂದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿ, ಹಾಸಿಗೆ, ಬೆನ್ನುಹುಣ್ಣು, ಕೆಮ್ಮು, ಆಮೇಲೆ ಮನೆಯ ಮುಂದೆ ಶಾಮಿಯಾನ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅವರು ಬೇಡ ಎಂದರು. ತಮಗೆ ತಾವೇ ಚಿಕಿತ್ಸೆ ಗೊತ್ತುಮಾಡಿಕೊಂಡರು. ಮಲಗಿದಲ್ಲೇ ಮಾಡಬಹುದಾದ ಒಂದು ಅಭ್ಯಾಸಕ್ರಮವನ್ನು ರಚಿಸಿಕೊಂಡು, ಹಾಸಿಗೆಯ ಮೇಲೆಯೇ ಅದನ್ನು ಮಾಡತೊಡಗಿದರು. ಮೂವತ್ತು ವರ್ಷ ಮದ್ರಾಸಿನಲ್ಲಿ ಬೇರೆಯವರಿಗಾಗಿ ಮಾಡಿದ್ದ ಕೆಲಸವನ್ನು ಈಗ ತಮ್ಮ ಮೈಗೇ ಮಾಡಿಕೊಂಡರು. ಒಂದು ಕಾಲದಲ್ಲಿ ವೈದ್ಯರ ಮುಂದೆ ನಾಡಿ ನಿಲ್ಲಿಸಿ ತೋರಿಸುತ್ತಿದ್ದ ಮನುಷ್ಯ, ಕಾರನ್ನು ಬರಿಗೈಯಲ್ಲಿ ತಡೆಯುತ್ತಿದ್ದರೆಂದು ಜನ ಕಥೆ ಹೇಳುತ್ತಿದ್ದ ಮನುಷ್ಯ, ಉಸಿರಿನ ಜೊತೆ ಒಂದು ಕೈ ಎತ್ತುವುದನ್ನು ಸಣ್ಣ ಕೆಲಸ ಎಂದು ತಿಳಿಯಲಿಲ್ಲ.

ನನ್ನನ್ನು ತಡೆದು ನಿಲ್ಲಿಸುವುದು ಈ ಭಾಗ. ಮಾಡಿದ್ದು ಎಷ್ಟು ದೊಡ್ಡದು ಎಂದು ಅಳೆಯುವ ಕೋಲನ್ನೇ ಅವರು ಬಿಟ್ಟುಬಿಟ್ಟಿದ್ದರು. ಹೊತ್ತಿಗೆ ಸರಿಯಾಗಿ ಮಾಡಬೇಕು, ಇವತ್ತಿನ ಮೈಗೆ ತಕ್ಕದ್ದನ್ನು ಮಾಡಬೇಕು, ನಾಳೆಯೂ ಮಾಡಬೇಕು. ಇಷ್ಟು ಉಳಿದಿತ್ತು. ಫಿಸಿಯೋಥೆರಪಿ ಮಾಡಿಸಿಕೊಂಡವರು ನಡುವೆ ಬಿಡುವುದು ಬಹುಪಾಲು ನೋವಿಗೆ ಹೆದರಿ ಅಲ್ಲ, ಬೇಸರದಿಂದ. ದಿನಾ ಅದೇ ಟವೆಲ್, ಅದೇ ಐದು ಎಣಿಕೆ, ಫಲ ಕಣ್ಣಿಗೆ ಕಾಣುವುದಿಲ್ಲ. ಆಫೀಸಿನಲ್ಲಿ ನಾವು ಏನು ಮಾಡಿದರೂ ಸಂಜೆಗೆ ಒಂದು ಸಂಖ್ಯೆ ತೋರಿಸಬೇಕು. ಮಂಡಿ ಆ ಸಂಖ್ಯೆ ಕೊಡುವುದಿಲ್ಲ, ಕೊಟ್ಟರೂ ವಾರಕ್ಕೊಮ್ಮೆ ಅರ್ಧ ಇಂಚು. ನನಗೆ ಸಹಾಯವಾದದ್ದು ಒಂದೇ ಉಪಾಯ: ಬೆಳಿಗ್ಗೆ ಆರಕ್ಕೆ, ಅಂದರೆ ಹಿಂದೆ ಓಡಲು ಹೋಗುತ್ತಿದ್ದ ಅದೇ ಹೊತ್ತಿಗೆ, ಅದೇ ಬಟ್ಟೆ ಹಾಕಿಕೊಂಡು ಚಾಪೆಯ ಮೇಲೆ ಇರುವುದು. ಹಿಂದಿನ ದಿನ ಮಾಡಿದ್ದು ಹೆಚ್ಚಾಗಿದ್ದರೆ ಬೆಳಿಗ್ಗೆ ಮಂಡಿ ಊದಿಕೊಂಡು ಅದೇ ಹೇಳುತ್ತದೆ. ಆ ದಿನ ಕಡಿಮೆ ಮಾಡುವುದು. ಬಿಡುವುದು ಮಾತ್ರ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು, ಯಾಕೆಂದರೆ ಈ ಸಂಚಿಕೆ ಮನೆಮನೆಗೆ ಹೋಗುತ್ತದೆ. ಕೃಷ್ಣಮಾಚಾರ್ಯರು ಆಪರೇಷನ್ ಬೇಡವೆಂದರು ಎಂದು ಓದಿಕೊಂಡು ಯಾರೂ ಮನೆಯ ಹಿರಿಯರನ್ನು ಕಟ್ಟು ಕಟ್ಟಿಸಿ ಹಾಸಿಗೆಯಲ್ಲಿ ಮಲಗಿಸಬೇಡಿ. ಅವರು ಎಂಬತ್ತು ವರ್ಷ ಉಸಿರಿನ ಅಭ್ಯಾಸ ಮಾಡಿದ್ದವರು, ಆಯುರ್ವೇದ ಬಲ್ಲವರು, ತಮ್ಮ ಮೈಯನ್ನು ಪುಸ್ತಕದಂತೆ ಓದಿದ್ದವರು. ಈಗಿನ ಕಾಲದಲ್ಲಿ ಹಿರಿಯರ ಸೊಂಟದ ಮೂಳೆ ಮುರಿದರೆ ಸಾಧ್ಯವಾದಷ್ಟು ಬೇಗ, ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಲು ವೈದ್ಯರು ನೋಡುತ್ತಾರೆ. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಎದೆಯಲ್ಲಿ ಕಫ ಕಟ್ಟುವ ಅಪಾಯ ಹೆಚ್ಚು. ಗಮನಿಸಿ ನೋಡಿದರೆ ಆಸ್ಪತ್ರೆಯವರೂ ಆ ಹಿರಿಯರೂ ಹೆದರಿದ್ದು ಒಂದಕ್ಕೇ, ಅಲುಗಾಡದೆ ಮಲಗುವುದಕ್ಕೆ. ಹಾಗೆಯೇ ಆಟದಲ್ಲಿ ಮಂಡಿಯೊಳಗೆ ಟಪ್ ಎಂದು ಶಬ್ದ ಬಂದು ಕೂಡಲೇ ಊದಿಕೊಂಡರೆ, ಕಾಲು ಊರಿದಾಗ ಮಂಡಿ ಜಾರಿದಂತಾದರೆ, ಎಣ್ಣೆ ನೀವಿಸಿಕೊಂಡು ಕೂರದೆ ಮೂಳೆ ವೈದ್ಯರಿಗೆ ತೋರಿಸಬೇಕು.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರುಗಳಲ್ಲಿ ಒಂದು ವಿನಂತಿಯೂ ಇದೆ. ಕಾಲಿಗೆ ಬ್ಯಾಂಡೇಜ್ ಹಾಕಿಕೊಂಡು ಬಂದ ಹುಡುಗನನ್ನೋ ಹುಡುಗಿಯನ್ನೋ ನಾವು ಸಾಮಾನ್ಯವಾಗಿ ಕ್ಲಾಸಿನಲ್ಲೇ ಕೂತಿರು ಎಂದು ಬಿಟ್ಟುಬಿಡುತ್ತೇವೆ. ಪ್ರೀತಿಯಿಂದಲೇ ಬಿಡುವುದು. ಆದರೆ ಆ ಮಗು ತಂಡದಿಂದ ಆಚೆ ಬೀಳುವುದು ಅಲ್ಲಿಂದಲೇ ಶುರುವಾಗುತ್ತದೆ. ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಕರೆಯಿರಿ. ಬೆಂಚಿನ ಮೇಲೆ ಕೂತು ಕೈಯ ಅಭ್ಯಾಸ ಮಾಡಲಿ, ಸ್ಕೋರ್ ಬರೆಯಲಿ, ಎದುರಾಳಿ ಯಾವ 'ಕಾಲು' ಮುಂದಿಟ್ಟು ರೈಡ್ ಬರುತ್ತಾನೆಂದು ನೋಡಿ ಹೇಳಲಿ. ಹಾಸಿಗೆಯ ಮೇಲೆ ಪಾಠಶಾಲೆ ನಡೆಸಿದವರ ಕಥೆಯನ್ನು ಆ ಮಗುವಿಗೆ ಹೇಳಿದರೂ ಆದೀತು.

ಮುರಿದ ಸೊಂಟದ ನಂತರವೂ ಕೃಷ್ಣಮಾಚಾರ್ಯರು ವರ್ಷಗಟ್ಟಲೆ ಬದುಕಿದ್ದರು, ಸುಮ್ಮನೆ ಬದುಕಿರಲಿಲ್ಲ. ವೇದಪಠಣ, ಪ್ರಾಣಾಯಾಮ ನಿಲ್ಲಲಿಲ್ಲ. ಕಲಿಯಲು ಬಂದವರಿಗೆ ಪಾಠ ಹೇಳುತ್ತಲೇ ಇದ್ದರು. ಮೈಸೂರಿನಲ್ಲಿ ಸಿಡುಕುತ್ತಿದ್ದ ಮೇಷ್ಟ್ರು ಮದ್ರಾಸಿನಲ್ಲಿ ಬಹಳ ಮೆತ್ತಗಾಗಿದ್ದರು ಎಂದು ಎರಡೂ ಕಾಲದಲ್ಲಿ ಅವರನ್ನು ಕಂಡವರು ಹೇಳಿದ್ದಾರೆ. 1988ರ ನವೆಂಬರ್‌ನಲ್ಲಿ ಅವರಿಗೆ ನೂರು ವರ್ಷ ತುಂಬಿತು, ಶಿಷ್ಯರು ಕೂಡಿ ಶತಮಾನೋತ್ಸವ ಮಾಡಿದರು. ನೂರನೇ ವರ್ಷದಲ್ಲೂ ಓಂಕಾರವನ್ನು ಹೊಟ್ಟೆಯ ಆಳದಿಂದ ಎಳೆದು ದೀರ್ಘವಾಗಿ ಹೇಳುತ್ತಿದ್ದರಂತೆ. 1989ರ ಫೆಬ್ರವರಿ 28ರಂದು ಮದ್ರಾಸಿನಲ್ಲಿ ತೀರಿಕೊಂಡರು.